ಸೋಪಿನ ಮೇಲಿನ ಕಾಗದ

ಮಾರ್ಚ್ ೯, ಭಾನುವಾರ

ಹದಿನಾಲ್ಕನೇ ರೂಮಿನ ಹುಡುಗಿ ತಲೆಯಿಂದ ಹೋಗುತ್ತಿಲ್ಲ. ಸ್ಟೇಡಿಯಂನಲ್ಲಿ ಪಂದ್ಯಗಳು ಶುರುವಾದಾಗಿನಿಂದ ಲಾಡ್ಜ್ ತುಂಬಿದೆ. ಆ ರೂಮಿನ ಹಾಸಿಗೆ ಬಟ್ಟೆಯನ್ನು ದಿನಕ್ಕೆ ಐದು ಸಲ ಬದಲಿಸಿದ್ದೇನೆ. ಯಾಕೆಂದು ಗೊತ್ತಿತ್ತು. ಬಾಗಿಲಲ್ಲಿ ಯಾವಾಗಲೂ ಒಬ್ಬ ಗಂಡಸು ಕೂತಿರುತ್ತಿದ್ದ.

ಅಂಥ ಹುಡುಗಿಯರು ಒಂಟಿಯಾಗಿರುವುದು ಬಚ್ಚಲಲ್ಲಿ ಮಾತ್ರವಂತೆ. ಅದಕ್ಕೇ ಅಂಥವರನ್ನು ಬಿಡಿಸುವ ಸಂಘದ ಮೇಡಂ ಸೋಪು ತಂದುಕೊಟ್ಟಿದ್ದರು. ಸುತ್ತಿದ ಕಾಗದದ ಮೇಲೆ ಸಹಾಯಕ್ಕೆ ಕರೆಯುವ ನಂಬರು. ಎಲ್ಲ ರೂಮಿಗೂ ನಾನೇ ಇಟ್ಟೆ.

ಇವತ್ತು ಮಧ್ಯಾಹ್ನ ಮೇಡಂ ಬಂದು ಕೇಳಿದರು, "ಕಾಗದ ಹಾಗೇ ಇದೆ ತಾನೇ ಅಮ್ಮಾ?"

"ಸೋಪು ಬಿಚ್ಚದೆ ಇಡೋಕೆ ನಾನೇನು ಮೈಗಳ್ಳಿನಾ?" ಎಂದು ರೇಗಿದೆ. ರೇಗಿದ ಮೇಲೆ ಕಾಗದದ ಮೇಲಿನ ನಂಬರು ನೆನಪಾಯಿತು.

ಕಾಗದ ಬಿದ್ದರೆ ನಮ್ಮ ಬಚ್ಚಲ ಮೋರಿ ಕಟ್ಟಿಕೊಳ್ಳುತ್ತದೆ. ಬಿಚ್ಚಿಯೇ ಇಡುವುದು ಮೂವತ್ತು ವರ್ಷದ ರೂಢಿ. ಕಾಗದ ಬಿಚ್ಚಬೇಡ ಎಂದು ಮೇಡಂ ಹೇಳಿದ್ದು ಕಿವಿಗೆ ಬಿದ್ದಿತ್ತು, ಕೈಗೆ ಇಳಿದಿರಲಿಲ್ಲ.

ಹದಿನಾಲ್ಕಕ್ಕೆ ಓಡಿದೆ. ಬೆಳಿಗ್ಗೆಯೇ ಖಾಲಿ ಮಾಡಿಕೊಂಡು ಹೋಗಿದ್ದರು. ಎಲ್ಲಿಗೆ ಎಂದು ಯಾರಿಗೂ ಗೊತ್ತಿಲ್ಲ. ಸೋಪು ಉಗುರಿನಷ್ಟು ತೆಳ್ಳಗೆ ತೇದುಹೋಗಿತ್ತು. ಎಷ್ಟು ಸಲ ತೊಳೆದುಕೊಂಡಳೋ.

ಅಳು ಬರಲಿಲ್ಲ. ಮೇಡಂ ಬೈಯಲೂ ಇಲ್ಲ. ಹಾಸಿಗೆ ಬಟ್ಟೆ ಬದಲಿಸಿ ಹೊಸ ಸೋಪು ತೆಗೆದೆ. ನೋಡುತ್ತಿದ್ದ ಹಾಗೆಯೇ ನನ್ನ ಹೆಬ್ಬೆರಳು ಕಾಗದದ ಅಂಚಿಗೆ ಹೋಗಿತ್ತು. ಈ ಕೈಯನ್ನು ಏನು ಮಾಡಲಿ?