ಹುಡುಕಿದರೆ ಸಿಗದ ಪಡಸಾಲೆ

ವೆಸ್ಟ್ ಮಾಂಬಲಂ, ಚೆನ್ನೈ
14 ಜೂನ್ 2025

ಪ್ರೀತಿಯ ತೇಜಶ್ರೀ,

ಕವರಿನ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡ ತಾಯಿ, ಓದಿ ಆಮೇಲೆ ಹರಿ. ವಾಟ್ಸಾಪಿನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿದ್ದೀಯ. ನೀನು ಈಗಿರುವ ಸರ್ವರನ್ನು ನಮ್ಮ ‘ಪಡಸಾಲೆ’ಯಿಂದ ಬ್ಲಾಕ್ ಮಾಡಿದವಳು ನಾನು. ಮಾಂಬಲಂನಿಂದ ಸೌಕಾರ್‌ಪೇಟೆಗೆ ಒಂದು ಮಾತು ಮುಟ್ಟಿಸಲು ಈಗ ಅಂಚೆಯವನೇ ಗತಿ.

ಮೂರು ವರ್ಷದ ಹಿಂದೆ ನಿಮ್ಮ ಅಂಗಡಿಯಲ್ಲಿ ಸೀರೆಗಳ ನಡುವೆ ಕೂತು ಚೆನ್ನೈ ಕನ್ನಡಿಗರಿಗಾಗಿ ಪಡಸಾಲೆ ಶುರು ಮಾಡಿದ್ದು ನೆನಪಿದೆಯಾ? ಯಾವ ಕಂಪನಿಯ ಹಂಗೂ ಇಲ್ಲದ ಜಾಲ, ಗುಂಪಿಗೊಂದು ಸರ್ವರ್, ಅದರ ನಿಯಮ ಆ ಗುಂಪಿನದೇ, ಆದರೂ ಒಂದು ಸರ್ವರಿನವರು ಇನ್ನೊಂದರವರ ಜೊತೆ ಮಾತಾಡಬಹುದು ಎಂದು ನೀನು ವಿವರಿಸುತ್ತಿದ್ದರೆ ನಾನು ನಿಮ್ಮತ್ತೆ ಕೊಟ್ಟ ಮಂಡಕ್ಕಿ ಖಾಲಿ ಮಾಡುತ್ತಿದ್ದೆ. ಸೀರೆ ಡಬ್ಬದ ಮುಚ್ಚಳದ ಮೇಲೆ ನಿಯಮ ಬರೆದೆವು. ಯಾರ ಕನ್ನಡಕ್ಕೂ ಯಾರೂ ನಗಬಾರದು ಎಂಬ ಮೊದಲ ನಿಯಮ ನನ್ನದು. ಎಲ್ಲರಿಗೂ ಸಂಬಂಧಿಸಿದ್ದನ್ನು ಮತಕ್ಕೆ ಹಾಕಬೇಕು ಎಂಬುದು ನಿನ್ನದು.

ಎಂಥಾ ದಿನಗಳವು! ಮನೆಯಲ್ಲಿ ಮಕ್ಕಳು ತಮಿಳಿನಲ್ಲೇ ಉತ್ತರ ಕೊಡುತ್ತಿದ್ದರು. ಪಡಸಾಲೆಯಲ್ಲಿ ನಲವತ್ತು ಜನ ಕನ್ನಡದಲ್ಲಿ ಮಾತಾಡಿಸುತ್ತಿದ್ದರು. ಕರೆಂಟ್ ಹೋದಾಗ ನಾನು ತಮಿಳು ಬೆರೆಸಿ ‘ಕರೆಂಟ್ ಪೋಚ್ರೀ’ ಎಂದು ಬರೆದರೆ ರೈಲ್ವೆಯ ಏಕಾಂತಪ್ಪನವರು ನಮ್ಮಲ್ಲೂ ಪೋಚು ಎನ್ನುತ್ತಿದ್ದರು. ಒಳ್ಳೆಯ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ಎರಡು ದಿನ ಜಗಳವಾಗಿತ್ತು. ಆ ಜಗಳ ಈಗಲೂ ಬೇಕೆನಿಸುತ್ತದೆ.

ಆಮೇಲೆ ನೀನು ಪಡಸಾಲೆಯನ್ನು ಹುಡುಕಾಟಕ್ಕೆ ತೆರೆಯೋಣ ಎಂದೆ. ಚೆನ್ನೈಗೆ ಹೊಸದಾಗಿ ಬಂದ ಕನ್ನಡದವರು ಹುಡುಕಿದರೆ ನಾವು ಸಿಗಬೇಕು ಎಂದೆ. ನಾನು ಬೇಡವೆಂದೆ. ಕೆಟ್ಟ ಜನ ನುಗ್ಗುತ್ತಾರೆ, ಹೆಂಗಸರ ಫೋಟೊ ಕದಿಯುತ್ತಾರೆ ಎಂದು ಎಲ್ಲರನ್ನೂ ಹೆದರಿಸಿದೆ. ಮುಚ್ಚಿಡಲು ಇಪ್ಪತ್ತೊಂದು ಮತ, ತೆರೆಯಲು ಇಪ್ಪತ್ತು. ನೀನು ಎದ್ದು ಹೋದೆ, ನಿಮ್ಮ ಅಂಗಡಿಯ ಹೆಸರಿನಲ್ಲಿ ಬೇರೆ ಸರ್ವರ್ ಕಟ್ಟಿದೆ. ನಮ್ಮವರು ನಿನ್ನ ಹಿಂದೆ ಬಂದುಬಿಟ್ಟಾರೆಂದು ಅದನ್ನೂ ತಡೆದೆ. ಅದನ್ನು ಮಾತ್ರ ನಾನು ಮತಕ್ಕೆ ಹಾಕಲಿಲ್ಲ.

ನಿಜ ಹೇಳುತ್ತೇನೆ. ನನ್ನ ಹೆದರಿಕೆ ಕಳ್ಳರದ್ದಲ್ಲ. ದಾವಣಗೆರೆಯಲ್ಲಿ ನಮ್ಮಕ್ಕನ ಮಗಳು ರಚನಾಳ ಮದುವೆಯ ಪಂಕ್ತಿಯಲ್ಲಿ ನಾನು ಹಾಕ್ರಿ ಎನ್ನುವ ಬದಲು ತಮಿಳು ಬೆರೆಸಿ ಸ್ವಲ್ಪ ಸಾರು ಪೋಡ್ರಿ ಎಂದಾಗ ಇಡೀ ಸಾಲು ನಕ್ಕಿತ್ತು. ಪಡಸಾಲೆ ತೆರೆದರೆ ಆ ಸಾಲೇ ಒಳಗೆ ಬಂದು ಕೂರುತ್ತದೆ ಅನಿಸಿತು. ನಾಚಿಕೆಗೆ ಹೆದರಿ ನಿನ್ನನ್ನು ಕಳೆದುಕೊಂಡೆ.

ಈಗ ಉಳಿದಿರುವುದು ಹನ್ನೊಂದು ಜನ. ಹಬ್ಬಕ್ಕೊಂದು ಹೂವಿನ ಚಿತ್ರ ಬಿಟ್ಟರೆ ಮಾತಿಲ್ಲ, ಕತೆಯಿಲ್ಲ. ಹೋದ ವಾರ ನಮ್ಮ ಬ್ಯಾಂಕಿಗೆ ಬಂದಿದ್ದ ಪ್ರಣಮ್ಯಾ ಎಂಬ ಹುಡುಗಿ, ನಾನು ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿ ಕೌಂಟರಿನ ಮುಂದೆಯೇ ಕಣ್ಣೀರು ಹಾಕಿದಳು. ಚೆನ್ನೈಯಲ್ಲಿ ಕನ್ನಡದವರು ಯಾರಾದರೂ ಇದ್ದಾರಾ ಎಂದು ಜಾಲದಲ್ಲಿ ವರ್ಷವಿಡೀ ಹುಡುಕಿದ್ದಳಂತೆ, ಒಬ್ಬರೂ ಸಿಗಲಿಲ್ಲವಂತೆ. ಅವಳ ಮನೆ ನಮ್ಮಿಂದ ಎರಡು ಬೀದಿ ಆಚೆ.

ಮುಂದಿನ ಭಾನುವಾರ, 22ಕ್ಕೆ, ಪಡಸಾಲೆ ತೆರೆಯುವ ವಿಷಯವನ್ನು ಮತ್ತೆ ಮತಕ್ಕೆ ಹಾಕುತ್ತಿದ್ದೇನೆ. ನಿನ್ನ ಸರ್ವರಿಗಿದ್ದ ತಡೆಯನ್ನು ಇವತ್ತೇ ತೆಗೆದಿದ್ದೇನೆ. ನೀನು ಬಂದು ಮಾತಾಡು. ಬಯ್ಯಬೇಕೆನಿಸಿದರೆ ಎಲ್ಲರೆದುರೇ ಬಯ್ಯಿ. ನೀನಿಲ್ಲದೆ ಬೇಜಾರು ಕಣೆ, ತುಂಬಾ ಬೇಜಾರು.

ಇವತ್ತಿಗೂ ನಿನ್ನ ಬಾಯಿಗೆ ಹೆದರುವ,
ಮಧುರಾ

ತಾ.ಕ.: ಇಷ್ಟೆಲ್ಲ ಬರೆದೂ ಮುಖ್ಯವಾದದ್ದನ್ನೇ ಬಿಟ್ಟಿದ್ದೇನೆ. ಪ್ಯಾರೀಸ್ ಕಾರ್ನರಿನ ಶಂಕ್ರಮ್ಮನವರಿಗೆ ಮೊಬೈಲಿನಲ್ಲಿ ಮತ ಹಾಕಲು ಬರುತ್ತಿರಲಿಲ್ಲ. ಅವರ ಪರವಾಗಿ ನಾನೇ ಒತ್ತುತ್ತಿದ್ದೆ. ತೆರೆಯುವ ಮತದ ದಿನ ಅವರು ಫೋನ್ ಮಾಡಿ, ತೆರೀರವ್ವ, ಪಾಪ ಯಾರಾದರೂ ಬರಲಿ ಎಂದಿದ್ದರು. ನಾನು ಮುಚ್ಚುವುದಕ್ಕೆ ಒತ್ತಿದೆ. ನಿನ್ನೆ ಅವರ ಮನೆಗೆ ಹೋಗಿ ಹೇಳಿದೆ. ಅವರು, ಗೆದ್ದವಳು ತೇಜಶ್ರೀ, ಮೊದಲು ಅವಳಿಗೆ ಹೇಳು, ಅಲ್ಲಿಯವರೆಗೆ ನಮ್ಮನೆಗೆ ಬರಬೇಡ ಎಂದರು.