ಕೈ ಇಳಿಸುವ ಮುನ್ನ

ಅಪ್ಪ,

ನೀನು ಹೋಗಿ ಹನ್ನೊಂದು ತಿಂಗಳಾಯಿತು. ನೀನು ಚೆಲ್ಲೊ, ಅಮ್ಮ ಪಿಯಾನೊ ನುಡಿಸಿದ್ದ ಮೂರು ಟೇಪುಗಳನ್ನು ಸಿ.ಡಿ.ಗೆ ಹಾಕಿಸಿ ಇವತ್ತು ಮನೆಗೆ ತಂದಿದ್ದೇನೆ. ಟೇಪು ಕೊಡಲು ಹೋದಾಗ ಅಂಗಡಿಯವರು, "ಬೇಡದ ಸದ್ದು ತೆಗೀಲಾ ಮೇಡಂ?" ಎಂದು ಕೇಳಿದ್ದರು. "ಎಲ್ಲ ತೆಗೆದು ಚೊಕ್ಕ ಮಾಡಿ" ಎಂದಿದ್ದೆ. ಟೇಪಿನ ಕರಕರ ಸದ್ದಷ್ಟೇ ನನ್ನ ಮನಸ್ಸಿನಲ್ಲಿತ್ತು.

ಅಮ್ಮ ತಲೆ ಬಾಚಿಕೊಂಡು ಊಟದ ಮೇಜಿನ ಮುಂದೆ ಕೂತಳು. ಪಿಯಾನೊ ಮುಂದೆ ಕೂತವಳ ಹಾಗೆ ಎರಡೂ ಕೈ ಎತ್ತಿ, "ಹಾಕು" ಎಂದಳು. ಚೆಲ್ಲೊ ತಂತಿಯ ಮೇಲೆ ಕಮಾನು ಎಳೆಯುವ ಮೊದಲು ನೀನು ಮೂಗಿನಿಂದ ಜೋರಾಗಿ ಉಸಿರೆಳೆಯುತ್ತಿದ್ದೆಯಲ್ಲ, ಅದನ್ನು ಕೇಳಿಯೇ ಅವಳು ಕೈ ಇಳಿಸುತ್ತಿದ್ದದ್ದು. ಆ ಉಸಿರು ಬರಲಿಲ್ಲ. ಸಂಗೀತ ಏಕಾಏಕಿ ಶುರುವಾಯಿತು. ಅವಳು ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು.

"ಇನ್ನೊಂದ್ಸಲ ಹಾಕೇ. ನಾನೇ ತಡ ಮಾಡ್ದೆ. ಅವರಿದ್ದಿದ್ರೆ, ಮುದುಕಿ ಆದೆ ಅಂತ ನಗ್ತಿದ್ರು."

ನಾಲ್ಕು ಸಲ ಹಾಕಿದೆ. ನಾಲ್ಕು ಸಲವೂ ತನ್ನನ್ನೇ ಬೈದುಕೊಂಡಳು.

ಹೊರಗೆ ಹೋಗಿ ಅಂಗಡಿಗೆ ಫೋನ್ ಮಾಡಿದೆ. "ಯಾರೋ ಎಮ್ಮೆ ಥರ ಉಸಿರಾಡ್ತಿದ್ರು ಮೇಡಂ, ಅದನ್ನೂ ಬಿಡ್ಲಿಲ್ಲ" ಎಂದರು ಹೆಮ್ಮೆಯಿಂದ. ತಿದ್ದುವ ಮೊದಲಿನ ಪ್ರತಿಯನ್ನು ಅವರು ಇಟ್ಟುಕೊಂಡಿಲ್ಲ. ಹಳೆಯ ಟೇಪುಗಳು ಒಂದು ಸಲ ಓಡುವಷ್ಟರಲ್ಲೇ ಪುಡಿ ಉದುರಿ ಹಾಳಾದವಂತೆ.

ಚಿಕ್ಕವಳಿದ್ದಾಗ ನಿನ್ನ ಪಕ್ಕ ನಿಂತು ಸ್ವರದ ಹಾಳೆ ತಿರುಗಿಸುತ್ತಾ, ಆ ಉಸಿರನ್ನು ಗೊರಕೆ ಎಂದು ಆಡಿಕೊಂಡವಳು ನಾನು.

ಐದನೆಯ ಸಲ ಹಾಕುವಾಗ ಅಮ್ಮನ ಹಿಂದೆ ನಿಂತು, ನಿನ್ನ ಹಾಗೆಯೇ ಉಸಿರೆಳೆದೆ. ಅವಳು ಕೈ ಇಳಿಸಲಿಲ್ಲ. ತಿರುಗಿ, "ನೆಗಡಿ ಆಗಿದ್ಯೇನೇ?" ಎಂದಳು.

ಹೌದು ಎಂದೆ.