ಕನಸಿನ ಮಾತಿಗೆ ಬೀಗರನ್ನು ಹೊರಗೆ ಹಾಕಿದ ಬಗ್ಗೆ

ಮಾನ್ಯ ಬೀಗರ ಸನ್ನಿಧಿಗೆ,

ಕೆಳಗೆ ಸಹಿ ಮಾಡಿರುವ ನಾನು, ತಮ್ಮ ಮಗಳ ಮಾವ, ತಲೆತಗ್ಗಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ನಿದ್ರೆ ಬಾರದೆಂದು ಔಷಧಿ ಅಂಗಡಿಯವನನ್ನು ಕೇಳಿ ತಂದ ಗುಳಿಗೆಯು ನಿದ್ರೆಯ ಜೊತೆಗೆ ಕನಸುಗಳನ್ನೂ ತಂದಿತು. ಕೈಯಿಂದ ಮುಟ್ಟಿ ನೋಡಬಹುದಾದಂಥ ಕನಸುಗಳು. ಅಂಥದ್ದೊಂದರಲ್ಲಿ ತಾವು ನಮ್ಮ ಪಡಸಾಲೆಯಲ್ಲಿ ಕುಳಿತು, ನನ್ನ ಕೈಬರಹ "ಕೋಳಿ ಕೆದರಿದ ಹಾಗಿದೆ" ಎಂದು ನಕ್ಕಿರಿ. ಜೀವಮಾನವೆಲ್ಲ ಕಚೇರಿಯ ಅರ್ಜಿಗಳನ್ನು ನಕಲು ಮಾಡಿದವನಿಗೆ ಅದು ಸಹಿಸುವ ಮಾತಲ್ಲ. ಅದು ನಿಜವಾಗಿ ನಡೆದದ್ದೆಂದೇ ನಂಬಿ, ಮಗಳನ್ನು ನೋಡಲು ಬಂದು ನಮ್ಮಲ್ಲೇ ತಂಗಿದ್ದ ತಾವು ಬೆಳಗ್ಗೆ ಕಾಫಿ ಕುಡಿಯುತ್ತಿದ್ದಾಗ, "ಎದ್ದು ನಡೀರಿ ನನ್ನ ಮನೆಯಿಂದ" ಎಂದುಬಿಟ್ಟೆ. ತಾವು ಲೋಟ ಕೆಳಗಿಟ್ಟು ಹೊರಟಿರಿ.

ಆಮೇಲೂ ಅಂಥ ಕನಸುಗಳು ನಿಲ್ಲದಿದ್ದಾಗ ಡಾಕ್ಟರ ಬಳಿ ಹೋದೆ. ಅವರು ಗುಳಿಗೆ ನೋಡಿ, "ಇದು ಕೆಲವರಿಗೆ ಹೀಗೇ ಕನಸು ತರಿಸುತ್ತೆ ಯಜಮಾನ್ರೇ, ನಿಲ್ಲಿಸಿಬಿಡಿ" ಎಂದರು. ಮನೆಗೆ ಬಂದವನೇ, ತಪ್ಪು ಗುಳಿಗೆಯದೆಂದು ದೊಡ್ಡ ದನಿಯಲ್ಲಿ ಸಾರಿದೆ. ಸೊಸೆ ತಲೆಯೆತ್ತಲಿಲ್ಲ. "ಗುಳಿಗೆ ಕನಸು ತರಿಸ್ತು, ಸರಿ ಮಾವ. ಅಪ್ಪ ಎದುರಿಗೇ ಕೂತಿದ್ರಲ್ಲ, ಹೀಗಂದ್ರಾ ಅಂತ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದಳು.

ಎಷ್ಟೋ ಜನರಿಗೆ ಸಮಜಾಯಿಷಿ ಬರೆದುಕೊಟ್ಟಿದ್ದೇನೆ. ಇದಕ್ಕೆ ನನ್ನಲ್ಲಿ ಒಂದು ವಾಕ್ಯವೂ ಇಲ್ಲ. ಅಂದಿನಿಂದ ಆಕೆ ಊಟ ಬಡಿಸುತ್ತಾಳೆ, ಮಾತಾಡುವುದಿಲ್ಲ.

ಆದಕಾರಣ ತಾವು ದಯಮಾಡಿ ಭಾನುವಾರ ಬರಬೇಕು. ಬಸ್ ನಿಲ್ದಾಣದಲ್ಲಿ ನಾನೇ ನಿಂತಿರುತ್ತೇನೆ. ಬಯ್ಯುವುದಿದ್ದರೆ ಅಲ್ಲಿ ಬೇಡ. ಮನೆಗೆ ಬಂದು, ಆಕೆಗೆ ಕೇಳುವಂತೆ ಬಯ್ಯಿರಿ.

ಇತಿ,
ತಮ್ಮೆದುರು ಮುಖವೆತ್ತಲಾರದ
ಬೀಗ